ಅಜ್ಜಿಗೆ ಇನ್ನೂ ಹೇಳಿಲ್ಲ

ಹೋದ ರಜೆಯಲ್ಲಿ ನಗೋಯಾದಲ್ಲಿ ಕೆಲಸ ಮಾಡೋ ಸೋದರಮಾವನ ಮನೆಗೆ ಹೋಗಿದ್ದೆ. ಒಂದು ದಿನ ಗಿಫು ಪ್ರಾಂತ್ಯದ ಶಿರಕಾವಾ-ಗೋ ಹಳ್ಳಿಗೆ ಕರ್ಕೊಂಡು ಹೋದ್ರು. ಅಲ್ಲೊಂದು ಹುಲ್ಲಿನ ಚಾವಣಿಯ ಹಳೇ ಮನೆಯಲ್ಲಿ ಪುಟ್ಟ ಹೋಟೆಲ್. ವಿಶೇಷ ಏನಂದ್ರೆ, ಹಿದಾ ಬೀಫ್.

ನಮ್ಮನೇಲಿ ಕೋಳಿ, ಕುರಿ ಮಾಡ್ತಾರೆ. ದನದ ಮಾಂಸ ಮಾತ್ರ ಯಾರೂ ಮುಟ್ಟಿಲ್ಲ. "ನಿನ್ನಿಷ್ಟ" ಅಂದ್ರು ಮಾವ.

ಪುಟ್ಟ ಇದ್ದಿಲ ಒಲೆ ಬಂತು. ಅದರ ಮೇಲೆ ಒಣಗಿದ ದೊಡ್ಡ ಹೋಬಾ ಎಲೆ. ನಮ್ಮ ಸಂಪಿಗೆ ಕುಲದ್ದೇ ಮರವಂತೆ. ಎಲೆ ಮೇಲೆ ಮಿಸೋ, ಈರುಳ್ಳಿ, ಬಿಳಿ ಕೊಬ್ಬಿನ ಗೆರೆಗಳಿದ್ದ ತೆಳು ಮಾಂಸ. ಅದು ಬೇಯೋವರೆಗೆ ಮಾವ ಕತೆ ಹೇಳಿದ್ರು. ಇಲ್ಲೂ ಎತ್ತು ಇದ್ದಿದ್ದು ಉಳೋಕೆ. ಬೇಸಾಯದ ತಿಂಗಳುಗಳಲ್ಲಿ ದನದ ಮಾಂಸ ತಿನ್ನಬಾರದು ಅಂತ 675ರಲ್ಲೇ ತೆಮ್ಮು ಚಕ್ರವರ್ತಿಯ ಆಜ್ಞೆ ಆಗಿತ್ತು. 1872ರಲ್ಲಿ ಮೇಜಿ ಚಕ್ರವರ್ತಿಯೇ ತಿಂದಮೇಲೆ ಜನ ಸಂಕೋಚ ಬಿಡತೊಡಗಿದ್ರು.

ಒಂದು ತುಂಡು ಬಾಯಿಗಿಟ್ಟೆ. ಬೆಣ್ಣೆ ಥರ ಕರಗಿತು. ತುಂಬಾ ಇಷ್ಟ ಆಯ್ತು, ಕಷ್ಟ ಆಗಿದ್ದೂ ಅದೇ. ಅಜ್ಜಿ ಮನೆಯ ಹಸು ಗೌರಿ ನೆನಪಾದ್ಲು. ಆದ್ರೂ ಪೂರ್ತಿ ತಿಂದೆ.

ರಾತ್ರಿ ಅಮ್ಮನಿಗೆ ಫೋನ್ ಮಾಡಿ ಹೇಳಿಬಿಟ್ಟೆ. ಸ್ವಲ್ಪ ಹೊತ್ತು ಮಾತಿಲ್ಲ. ಆಮೇಲೆ, "ಅಜ್ಜಿಗೆ ಹೇಳ್ಬೇಡ" ಅಂದ್ರು.

ನಿಮಗೆಲ್ಲ ಹೇಳಿದ್ದಾಯ್ತು. ಅಜ್ಜಿಗೆ ಹೇಳೋ ಧೈರ್ಯ ಇನ್ನೂ ಬಂದಿಲ್ಲ.