ಸೂರು ನೋಡುತ್ತಾ ಕೂಡಲಿಗೆ

ನಂಜನಗೂಡಿನ ನಂಜುಂಡೇಶ್ವರನ ಗೋಪುರ ಹಿಂದೆ ಸರಿದು ಬಸ್ಸು ಸುತ್ತೂರಿನ ಕಡೆ ಹೊರಳಿದ ಮೇಲೆ, ಕಣ್ಣು ಗದ್ದೆಯ ಹಸಿರಲ್ಲಿ ನಿಲ್ಲದೆ ಸೂರಿಂದ ಸೂರಿಗೆ ಹಾರುತ್ತದೆ. ಬಾಳೆಯ ನಡುವೆ ತೆಂಗಿನ ಗರಿ ಹೊದ್ದ ಗುಡ್ಲು, ಆಚೆಗೆ ಸುಣ್ಣ ಬಳಿದ ತೋಟದ ಮನೆ. ಊರು ಹತ್ತಿರವಾದಂತೆ ಕೆಂಪು ಹೆಂಚು, ಬೂದು ಶೀಟು, ಬಿಳಿ ತಾರಸಿ. ಇಲ್ಲಿನವರು ಮನೆಯನ್ನು ಗುರುತಿಸುವುದೇ ತಲೆಯ ಮೇಲೇನಿದೆ ಎಂಬುದರಿಂದ: ಹೆಂಚಿನ ಮನೆ, ಶೀಟ್ ಮನೆ, ತಾರಸಿ ಮನೆ. ಸೂರೇ ಇಲ್ಲದ ಜಾಗದಿಂದ ಹೆಸರು ಪಡೆದದ್ದು ತೊಟ್ಟಿಮನೆ.

ಸುತ್ತೂರು ದಾಟಿ ಒಂದೂರಲ್ಲಿ ಇಳಿಯುತ್ತೇನೆ. ಜಗುಲಿಯಲ್ಲಿ ಅವರೆಕಾಯಿ ಸುಲಿಯುತ್ತಿದ್ದ ಅಜ್ಜಿ, "ಬಾ ಕೂಸು ಒಳಕ್ಕ, ಬಿಸ್ಲು ಕನ" ಅನ್ನುತ್ತಾರೆ. ತಲೆ ಬಗ್ಗಿಸಿ ಹೊಸ್ತಿಲು ದಾಟಿದರೆ ಮೊದಲು ಕತ್ತಲು, ಮರುಗಳಿಗೆ ಆಕಾಶ! ನಾಲ್ಕೂ ಕಡೆಯ ಸೂರು ಒಳಕ್ಕಿಳಿದು, ನಡುವೆ ಚೌಕಾಕಾರದ ತೊಟ್ಟಿ. ಮಳೆನೀರೆಲ್ಲ ಅಲ್ಲಿಗೇ ಸುರಿದು ತೂಬಿನಲ್ಲಿ ಹೊರಗೆ ಹೋಗುತ್ತದೆ. ಕಾದ ಗಾಳಿ ಅಲ್ಲಿಂದಲೇ ಮೇಲೇರುತ್ತದೆ. ಅದಕ್ಕೇ ಸುತ್ತಲ ಪಡಸಾಲೆ ಈ ಮಟಮಟ ಮಧ್ಯಾಹ್ನದಲ್ಲೂ ತಣ್ಣಗಿದೆ. ಕೈತಾಗಿ ನುಣುಪಾದ ಮರದ ಕಂಬಗಳು, ಜಂತೆಯ ಸಂದಿಯಲ್ಲಿ ಗುಬ್ಬಿಗಳ ಗಲಾಟೆ. ಒಂದು ಇಳಿಜಾರಿನಲ್ಲಿ ಕುಂಬಾರರ ನಾಡಹೆಂಚು, ರಿಪೇರಿಯಾದ ಕಡೆ ಮಂಗಳೂರು ಹೆಂಚು. 1865ರಲ್ಲಿ ಬಾಸೆಲ್ ಮಿಷನ್ ಮಂಗಳೂರಿನಲ್ಲಿ ಕಾರ್ಖಾನೆ ತೆರೆದು ಸುಡತೊಡಗಿದ ಹೆಂಚು ಘಟ್ಟ ಹತ್ತಿ ಕಪಿಲೆಯ ದಂಡೆಗೂ ಬಂದಿದೆ!

ತೊಟ್ಟಿಮನೆ ಹೊಲಗದ್ದೆ ಇದ್ದವರದು. ಕೇರಿಗೆ ನಡೆದರೆ ಗುಡ್ಲಿದ್ದ ಜಾಗದಲ್ಲಿ ಸರ್ಕಾರ ಕಟ್ಟಿಕೊಟ್ಟ ಪುಟ್ಟ ಜನತಾ ಮನೆಗಳ ಸಾಲು. ಗೋಡೆಗೆ ಗೋಡೆ ಅಂಟಿದ ಈ ಬೀದಿಯಲ್ಲಿ ನಿಂತಾಗ, ಇದೇ ನಂಜನಗೂಡು ತಾಲ್ಲೂಕಿನ ದೇವನೂರ ಮಹಾದೇವರ 'ಕುಸುಮಬಾಲೆ'ಯ ಜೋತಮ್ಮಗಳು ನೆನಪಾಗುತ್ತಾರೆ. ಮನೆಮನೆಯ ದೀಪಗಳು ರಾತ್ರಿ ಹೊರಬಂದು ತಂತಮ್ಮ ಮನೆಯ ಸುದ್ದಿ ಹೇಳಿಕೊಳ್ಳುತ್ತವಲ್ಲ, ಆ ಜೋತಮ್ಮಗಳು. 1990ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಪಡೆದ ಆ ಕೃತಿಯನ್ನು ಓದಿದವರಿಗೆ ಇಲ್ಲಿನ ಯಾವ ಬಾಗಿಲೂ ಬರೀ ಬಾಗಿಲಾಗಿ ಕಾಣುವುದಿಲ್ಲ.

ಸಂಜೆ ತಿರುಮಕೂಡಲು. ಕಪಿಲೆ ಕಾವೇರಿಗೆ ಸೇರುವಲ್ಲಿ ನೀರು ಹೊಂಬಣ್ಣ. ಆಚೆ ದಡದಲ್ಲಿ ಗುಂಜಾ ನರಸಿಂಹನ ಗೋಪುರ. ಟಿ. ನರಸೀಪುರದ ಪೇಟೆಯಲ್ಲಿ ಹೊಸ ತಾರಸಿಗಳು ಏಳುತ್ತಿವೆ, ಅವುಗಳ ನಡುವೆ ಹಳೆಯ ಹೆಂಚು ಅಲ್ಲೊಂದು ಇಲ್ಲೊಂದು ಉಳಿದಿದೆ.

ನಿಮ್ಮೂರಲ್ಲಿ ತೊಟ್ಟಿಮನೆಯೊಂದು ಉಳಿದಿದ್ದರೆ ಅದರ ಬಾಯಿಗೆ ಶೀಟು ಹೊದಿಸಬೇಡಿ. ಕೆಡವುವ ಯೋಚನೆಯಿದ್ದರೆ, ಅದಕ್ಕೂ ಮೊದಲು ಒಂದು ಜೋರು ಮಳೆಯ ಹೊತ್ತು ಅದರ ಪಡಸಾಲೆಯಲ್ಲಿ ಕೂತು ನೋಡಿ.