ಮಲ್ಪೆಯ ಕಂಬಗಲ್ಲಿನ ದ್ವೀಪ

ಚಚಡಿಯ ಸುತ್ತಲಿನ ಹೊಲಗಳ ನಡುವೆ ಬೆಳೆದವರಿಗೆ ಜಲರಾಶಿಯೆಂದರೆ ಸವದತ್ತಿಯ ಬಳಿ ನವಿಲುತೀರ್ಥದ ಅಣೆಕಟ್ಟಿಗೆ ಸಿಕ್ಕಿ ನಿಂತ ಮಲಪ್ರಭೆಯೇ. ಅದು ಆಚೆಯ ದಡ ಕಾಣುವ ನೀರು. ಅದರಿಂದಲೋ ಏನೋ, ನಮ್ಮ ಕಡೆಯ ಕುಟುಂಬಗಳು ಉಡುಪಿಗೆ ಯಾತ್ರೆ ಹೋದರೆ, ಶ್ರೀಕೃಷ್ಣನ ದರ್ಶನವಾಗುವುದೇ ತಡ, ಮಕ್ಕಳು ಸಮುದ್ರಕ್ಕೆ ಹೋಗೋಣವೆಂದು ತಾಯಿಯ ಸೆರಗು ಜಗ್ಗತೊಡಗುತ್ತವೆ.

ಮಲ್ಪೆಯ ಬಂದರದಿಂದ ದೋಣಿಯಲ್ಲಿ ಅರ್ಧ ಗಂಟೆಯ ಪಯಣ. ತೆಂಗಿನ ಮರಗಳ ಪುಟ್ಟದೊಂದು ಗುಂಪು ನೀರಿನ ಮೇಲೆ ತೇಲಿದಂತೆ ಕಾಣುವುದು. ಅದೇ ಸೇಂಟ್ ಮೇರಿ ದ್ವೀಪ. ತೋನ್ಸೆಪಾರ್ ಎಂಬ ಹೆಸರೂ ಅದಕ್ಕುಂಟು. 1498ರಲ್ಲಿ ವಾಸ್ಕೋ ಡ ಗಾಮ ಇಲ್ಲಿಳಿದು ಮೇರಿಯ ಹೆಸರಿಟ್ಟನೆಂಬುದು ಪ್ರತೀತಿ. ಹೆಸರಿನ ಕಥೆ ಹಾಗಿರಲಿ, ಕಲ್ಲಿನ ಕಥೆ ಅದಕ್ಕಿಂತ ಬಹಳ ಹಳೆಯದು.

ದಡದ ತುಂಬ ಕಲ್ಲಿನ ಕಂಬಗಳು! ಐದು ಮುಖದವು, ಆರು ಮುಖದವು, ಉಳಿಯಿಂದ ಕಡೆದು ಒತ್ತಾಗಿ ನಿಲ್ಲಿಸಿದಂತಿರುವವು. ಅರ್ಧಕ್ಕೆ ನಿಂತ ಗುಡಿಯೇನೋ ಎನ್ನಿಸುವುದು. ಆದರೆ ಇಲ್ಲಿ ಶಿಲ್ಪಿಯಿಲ್ಲ. ಸುಮಾರು 8.8 ಕೋಟಿ ವರ್ಷಗಳ ಹಿಂದೆ, ಮಡಗಾಸ್ಕರವು ಭಾರತದಿಂದ ಬೇರ್ಪಡುತ್ತಿದ್ದ ಕಾಲದಲ್ಲಿ, ಉಕ್ಕಿದ ಲಾವಾರಸ ಆರುತ್ತ ಕುಗ್ಗಿತು. ಬೇಸಿಗೆಯಲ್ಲಿ ನಮ್ಮ ಎರೆಹೊಲ ಬಿರಿಯುವಂತೆ ಅದೂ ಬಿರಿಯಿತು. ಬಿರುಕು ಮೇಲಿನಿಂದ ಆಳಕ್ಕಿಳಿದಂತೆ ಕಂಬಗಳಾದವು. ಜನ ಇದನ್ನು ಬಸಾಲ್ಟ್ ಎನ್ನುವರು. ವಾಸ್ತವದಲ್ಲಿ ಇದರಲ್ಲಿ ಸಿಲಿಕಾ ಅಂಶ ಬಸಾಲ್ಟಿಗಿಂತ ಹೆಚ್ಚು. ಬೆಳಗಾವಿಯ ಕಡೆಯ ಕರಿಗಲ್ಲಿಗೆ ಕಾರಣವಾದ ದಖನ್ನಿನ ಲಾವಾ ಹರಿದದ್ದು ಸುಮಾರು 6.6 ಕೋಟಿ ವರ್ಷಗಳ ಹಿಂದೆ. ಅಂದರೆ ವಯಸ್ಸಿನಲ್ಲಿ ಈ ದ್ವೀಪವೇ ಹಿರಿಯದು. ಭಾರತೀಯ ಭೂವೈಜ್ಞಾನಿಕ ಸರ್ವೇಕ್ಷಣ ಸಂಸ್ಥೆ ಇದನ್ನು ರಾಷ್ಟ್ರೀಯ ಭೂವೈಜ್ಞಾನಿಕ ಸ್ಮಾರಕವೆಂದು ಗುರುತಿಸಿದೆ.

ಮಾಡಲು ಏನುಂಟು ಎಂದರೆ, ನಡೆಯುವುದು, ನೋಡುವುದು, ತೆಂಗಿನ ನೆರಳಿನಲ್ಲಿ ಕೂಡುವುದು. ದ್ವೀಪ ಅಷ್ಟೇ ಚಿಕ್ಕದು. ದಡದಲ್ಲಿ ಮರಳಿಗಿಂತ ಚಿಪ್ಪುಗಳೇ ಹೆಚ್ಚು. ಹುಡುಗಿಯರ ಉಡಿ ತುಂಬುವಷ್ಟು. ಅವನ್ನು ಅಲ್ಲಿಯೇ ಬಿಟ್ಟು ಬರುವುದು ಲೇಸು. ವಸತಿಗೃಹವಿಲ್ಲ, ಸಂಜೆಯೊಳಗೆ ಮರಳಲೇಬೇಕು. ಶೇಂಗಾ ಚಟ್ನಿ, ರೊಟ್ಟಿಯ ಬುತ್ತಿಯನ್ನು ಮಲ್ಪೆಯ ದಂಡೆಯಲ್ಲೇ ಬಿಚ್ಚುವುದು ಒಳಿತು.

ಒಂದು ಮಾತನ್ನು ಮಾತ್ರ ಒತ್ತಿ ಹೇಳಬೇಕಾಗಿದೆ. ಆ ಕಂಬಗಳ ಅಂಚು ಪಾಚಿಯಿಂದ ಜಾರುವುದು. ಮಗ್ಗುಲಲ್ಲೇ ನೀರು ಆಳ. 2022ರ ಏಪ್ರಿಲ್‌ನಲ್ಲಿ ಕೇರಳದಿಂದ ಪ್ರವಾಸ ಬಂದಿದ್ದ ಮೂವರು ವಿದ್ಯಾರ್ಥಿಗಳು ಇಲ್ಲಿಯೇ ಕಡಲುಪಾಲಾದರು. 2019ರ ಜನವರಿಯಲ್ಲಿ ಕಾರವಾರದ ಕೂರ್ಮಗಡದ ನರಸಿಂಹ ಜಾತ್ರೆಯಿಂದ ಮರಳುತ್ತಿದ್ದ ದೋಣಿ ಮಗುಚಿ 15ಕ್ಕೂ ಹೆಚ್ಚು ಜನ ತೀರಿಕೊಂಡರು. ಅವರಲ್ಲಿ ಹಾವೇರಿಯ ಕಡೆಯಿಂದ ಮಕ್ಕಳುಮರಿಯೊಡನೆ ಬಂದವರಿದ್ದರು. ಕೆರೆಯಲ್ಲಿ ಈಜು ಕಲಿತವನ ಧೈರ್ಯ ಕಡಲಿಗೆ ಸಾಲದು. ಜೀವರಕ್ಷಕ ಅಂಗಿ ತೊಡಿಸದ, ಜನರನ್ನು ತುಂಬಿಕೊಂಡ ದೋಣಿಯನ್ನು ಹತ್ತದೆ ಮುಂದಿನದಕ್ಕೆ ಕಾಯುವುದರಲ್ಲಿ ಅರ್ಧ ತಾಸು ಹೋದೀತು, ಅಷ್ಟೆ. ಮಳೆಗಾಲದಲ್ಲಂತೂ ದೋಣಿ ಸಂಚಾರವೇ ನಿಲ್ಲುವುದರಿಂದ ದಸರೆಯ ನಂತರ ಹೊರಡುವುದು ಸರಿ.

ಮರಳಿ ಬಂದ ಮೇಲೆ ಹೊತ್ತು ಉಳಿದಿದ್ದರೆ, ಮಲ್ಪೆಯ ವಡಭಾಂಡೇಶ್ವರದಲ್ಲಿ ಬಲರಾಮನ ಗುಡಿಯುಂಟು. ಅಲ್ಲಿಂದ ಉಡುಪಿಗೆ ಬಸ್ಸುಗಳು ಹೇರಳ.