ಬೋರ್ಡಿಲ್ಲದ ಕೋಣೆ

ಬೆಳಗಾವಿ ಜಿಲ್ಲೆಯ ಖಾನಾಪುರದ ಬಸ್ ನಿಲ್ದಾಣದಲ್ಲಿ ವೈನ್‌ಶಾಪ್ ಎಲ್ಲಿ ಅಂತ ಕೇಳಿದರೆ ನಾಲ್ಕು ಕೈ ಒಟ್ಟಿಗೆ ಮೇಲೇಳುತ್ತವೆ. ಕುಡಿತ ಬಿಟ್ಟವರು ಸೇರುವ ಜಾಗ ಎಲ್ಲಿ ಅಂತ ಕೇಳಿದೆ. ಚಹಾದಂಗಡಿಯವ ನನ್ನನ್ನೇ ಮೇಲಿಂದ ಕೆಳಗೆ ನೋಡಿದ. ‘ಯಾರಿಗ್ರೀ, ನಿಮಗೇನು?’ ಪರಿಚಯದವರಿಗೆ ಅಂದೆ. ‘ಎಲ್ಲಾರೂ ಹಂಗ ಅಂತಾರ್ರಿ’ ಅಂದು, ಬೆಳಗಾವಿಯ ದೊಡ್ಡ ದವಾಖಾನೆಗೆ ಹೋಗಲು ಹೇಳಿದ.

*

ಕಂಬಕ್ಕೆ ಅಂಟಿಸಿದ ಚೀಟಿ: ಕುಡಿಯುವವರಿಗೆ ಗೊತ್ತಾಗದಂತೆ ಕುಡಿತ ಬಿಡಿಸಲಾಗುವುದು. ಕೆಳಗೆ ಫೋನ್ ನಂಬರು. ಊಟದಲ್ಲಿ ಬೆರೆಸುವ ಪುಡಿಯಂತೆ. ಅದರಲ್ಲಿ ಏನಿದೆ ಎಂದು ಚೀಟಿ ಹೇಳುವುದಿಲ್ಲ. ವೈದ್ಯರು ಕೊಡುವ ಡೈಸಲ್ಫಿರಾಂ ಮಾತ್ರೆ ತಿಂದ ಮೇಲೆ ಕುಡಿದರೆ ಮುಖ ಕೆಂಪೇರಿ, ವಾಂತಿಯಾಗಿ, ಎದೆ ಹೊಡೆದುಕೊಳ್ಳುತ್ತದೆ. ಅದಕ್ಕೇ ಅವರು ರೋಗಿಯ ಒಪ್ಪಿಗೆ ಕೇಳಿ ಕೊಡುತ್ತಾರೆ. ಕದ್ದು ಹಾಕಿದರೆ ಪ್ರಾಣಕ್ಕೇ ಕುತ್ತು. ಹೆಂಡತಿಯೊಬ್ಬಳು ಆ ನಂಬರನ್ನು ಸೆರಗಿನ ತುದಿಗೆ ಗಂಟು ಹಾಕಿಕೊಂಡು ಹೋಗಿರಬಹುದು. ಬೇರೆ ಯಾವ ವಿಳಾಸವೂ ಕಣ್ಣಿಗೆ ಬೀಳದ ಕಡೆ ಇದೊಂದೇ ಬೀಳುತ್ತದೆ.

*

ಈ ಸೀಮೆಗೂ ಬಾಟಲಿಗೂ ಹಳೆಯ ನಂಟು. ಬೆಳಗಾವಿ ಮುಂಬೈ ರಾಜ್ಯದಲ್ಲಿದ್ದಾಗ 1949ರ ಪಾನನಿರೋಧ ಕಾಯ್ದೆ ಇಲ್ಲಿಗೂ ಅನ್ವಯಿಸುತ್ತಿತ್ತು. ಘಟ್ಟ ಇಳಿದರೆ ಗೋವಾ. ಅಲ್ಲಿ 1961ರ ಡಿಸೆಂಬರ್‌ವರೆಗೂ ಪೋರ್ಚುಗೀಸರ ಆಳ್ವಿಕೆ, ಯಾವ ನಿರೋಧವೂ ಇಲ್ಲ. ಈಗಲೂ ಚೋರ್ಲಾ ಘಾಟಿನಲ್ಲಿ ಅಬಕಾರಿಯವರು ‘ಗೋವಾ ಮಾಲು’ ಹಿಡಿದ ಸುದ್ದಿ ಪತ್ರಿಕೆಗೆ ಹೊಸದಲ್ಲ. ಕರ್ನಾಟಕದಲ್ಲಿ ಸಾರಾಯಿ ನಿಂತದ್ದು 2007ರಲ್ಲಿ. ಕುಡಿತ ನಿಂತಿತೇ ಎಂದು ಯಾರೂ ಕೇಳುವುದಿಲ್ಲ. 90 ಎಂಎಲ್ ಮದ್ಯದ ಪೊಟ್ಟಣ ಎಲ್ಲರಿಗೂ ಗೊತ್ತು.

*

ನಾನು ಹುಡುಕುತ್ತಿದ್ದ ಸಭೆ ಬೆಳಗಾವಿಯಲ್ಲಿ ಸಿಕ್ಕಿತು. ಆಲ್ಕೊಹಾಲಿಕ್ಸ್ ಅನಾನಿಮಸ್, ಅಂದರೆ ಎಲ್ಲರೂ ಹೇಳುವ ‘ಎಎ’. 1935ರಲ್ಲಿ ಅಮೆರಿಕದ ಆಕ್ರನ್‌ನಲ್ಲಿ ಒಬ್ಬ ಷೇರು ದಲ್ಲಾಳಿ, ಒಬ್ಬ ಶಸ್ತ್ರವೈದ್ಯ, ಇಬ್ಬರೂ ಕುಡುಕರು, ಕೂತು ಮಾತಾಡಿದ್ದರಿಂದ ಹುಟ್ಟಿದ್ದು. ಭಾರತಕ್ಕೆ ಬಂದದ್ದು 1957ರ ಹೊತ್ತಿಗೆ. ಹೊರಗಿನವರನ್ನೂ ಬಿಡುವ ‘ಓಪನ್ ಮೀಟಿಂಗ್’ ಇತ್ತು, ಹೋಗಿ ಹಿಂದಿನ ಸಾಲಿನಲ್ಲಿ ಕೂತೆ. ಅಲ್ಲಿ ಕೇಳಿದ್ದು ಅಲ್ಲೇ ಬಿಡಬೇಕೆಂಬುದು ಕರಾರು. ಹಾಗಾಗಿ ಕಂಡದ್ದಷ್ಟೇ ಬರೆಯುವೆ: ಪ್ಲಾಸ್ಟಿಕ್ ಕುರ್ಚಿಗಳು, ಕುಡಿತ ಬಿಡುವ ಹನ್ನೆರಡು ಮೆಟ್ಟಿಲುಗಳ ಪಟ್ಟಿ, ಸ್ಟೀಲ್ ಲೋಟದಲ್ಲಿ ಚಹಾ. ಚಂದಾ ಇಲ್ಲ, ಹಾಜರಿ ಪುಸ್ತಕ ಇಲ್ಲ. ಕೊನೆಗೆ ಒಂದು ಚೀಲ ಕೈಯಿಂದ ಕೈಗೆ ಹೋಯಿತು. ನಾನು ನೋಟು ತೆಗೆದೆ, ಪಕ್ಕದವರು ನನ್ನ ಕೈ ಸರಿಸಿದರು. ಹೊರಗಿನವರ ದುಡ್ಡು ಬೇಡವಂತೆ.

ಒಬ್ಬಾತ ಅರ್ಧ ಸಭೆ ಮುಗಿಯುವ ತನಕ ಹೆಲ್ಮೆಟ್ ತೆಗೆಯಲಿಲ್ಲ. ಬಾರಿಗೆ ಹಾಡುಹಗಲೇ ಮುಂಬಾಗಿಲಿನಿಂದ ಹೋಗಿದ್ದವನೇ ಇರಬೇಕು.

ಬಾಗಿಲಲ್ಲಿ ಬೋರ್ಡಿಲ್ಲ. ಬೋರ್ಡು ಯಾವ ಭಾಷೆಯಲ್ಲಿರಬೇಕೆಂದು ಜಗಳವಾಗದ ಜಾಗ ಬೆಳಗಾವಿಯಲ್ಲಿ ಇದೊಂದೇ ಇರಬೇಕು. ಒಳಗೆ ಕನ್ನಡ, ಮರಾಠಿ, ಹಿಂದಿ, ಯಾವುದರಲ್ಲಿ ಅಳು ಬರುತ್ತದೋ ಅದರಲ್ಲಿ.

*

ಧರ್ಮಸ್ಥಳದವರ ಮದ್ಯವರ್ಜನ ಶಿಬಿರದ ದಾರಿ ಇದರ ತದ್ವಿರುದ್ಧ. ಫ್ಲೆಕ್ಸ್, ಉದ್ಘಾಟನೆ, ಸ್ವಾಮಿಗಳು, ಶಾಸಕರು. ಯಾವುದೋ ಊರಿನ ಸಭಾಭವನದಲ್ಲಿ ಎಂಟು ದಿನ. ಕೊನೆಗೆ ಹೆಂಡತಿ ಮಕ್ಕಳ ಎದುರು ಪ್ರತಿಜ್ಞೆ, ಮರುದಿನ ಪತ್ರಿಕೆಯಲ್ಲಿ ಸಾಲಾಗಿ ನಿಂತ ಫೋಟೊ. ಆಮೇಲೆ ಬಿಟ್ಟವರ ‘ನವಜೀವನ ಸಮಿತಿ’ಯ ಸಭೆಗಳು. ಇಳಕಲ್ಲಿನ ಮಹಾಂತ ಸ್ವಾಮಿಗಳಂತೂ ಜೋಳಿಗೆ ಹಿಡಿದು ಮನೆಮನೆಗೆ ಹೋಗಿ ಚಟಗಳನ್ನೇ ಭಿಕ್ಷೆ ಬೇಡಿದರು. ಅವರು ಹುಟ್ಟಿದ ಆಗಸ್ಟ್ 1ನ್ನು ಸರ್ಕಾರ ವ್ಯಸನಮುಕ್ತ ದಿನ ಮಾಡಿದೆ.

ಒಂದು ಕಡೆ ಹೆಸರೇ ಬೇಡ, ಇನ್ನೊಂದು ಕಡೆ ಊರೆಲ್ಲ ಸಾಕ್ಷಿ. ಎರಡರಲ್ಲೂ ಬಿಟ್ಟವರಿದ್ದಾರೆ. ಸಾಕ್ಷಿಗಳ ಭಯದಿಂದ ಲೋಟ ಮುಟ್ಟದವನೂ ಇದ್ದಾನು. ಆದರೆ ಮತ್ತೆ ಕುಡಿದವನ ಗತಿ? ಪತ್ರಿಕೆಯಲ್ಲಿ ಫೋಟೊ ಬಂದವನಿಗೆ ಸಮಿತಿಯ ಮೆಟ್ಟಿಲು ಇನ್ನಷ್ಟು ಎತ್ತರ. ಬೋರ್ಡಿಲ್ಲದ ಕೋಣೆಯಲ್ಲಿ ಮತ್ತೆ ಮೊದಲ ದಿನ ಅಂದರಾಯಿತು. ಈ ಒಂದು ವಿಷಯದಲ್ಲಿ ನನ್ನ ಮತ ಕೋಣೆಗೆ.

*

ಮನೋವೈದ್ಯರು ಎಚ್ಚರಿಸುವ ಮಾತು: ವರ್ಷಗಟ್ಟಲೆ ದಿನವೂ ಕುಡಿದವ ಹಟದಿಂದ ಒಮ್ಮೆಲೇ ಬಿಟ್ಟರೆ ಕೈ ನಡುಕ, ಒಂದೆರಡು ದಿನದಲ್ಲಿ ಫಿಟ್ಸ್, ಎರಡು ಮೂರನೆಯ ದಿನ ಭ್ರಮೆ ಕವಿಯಬಹುದು. ಮೊದಲು ಆಸ್ಪತ್ರೆ, ಆಮೇಲೆ ಸಭೆಯ ಕುರ್ಚಿ. ಎಲ್ಲಿಂದ ಶುರು ಮಾಡಬೇಕೋ ತಿಳಿಯದವರಿಗೆ ಸರ್ಕಾರದ ಸಹಾಯವಾಣಿ ಟೆಲಿ ಮಾನಸ್‌ನ 14416 ಇದೆ, ಕರೆ ಉಚಿತ, ಕನ್ನಡದಲ್ಲೂ ಮಾತಾಡುತ್ತಾರೆ.

*

ಖಾನಾಪುರದ ಹಳ್ಳಿಗಳಲ್ಲಿ ‘ಮಾಳ ಹಾಕ್ಯಾನ’ ಅಂದರೆ ತುಳಸಿ ಮಾಲೆ ಹಾಕಿ ವಾರಕರಿಯಾದ, ಮಾಂಸ ಮದ್ಯ ಬಿಟ್ಟ ಎಂದು. ಏಕಾದಶಿಗೆ ಭಜನೆ, ತಾಳ ಮೃದಂಗ, ಆಷಾಢದಲ್ಲಿ ಪಂಢರಪುರ. ಯಾರೂ ಇದನ್ನು ಚಿಕಿತ್ಸೆ ಅನ್ನುವುದಿಲ್ಲ. ಆದರೆ ಭಜನೆಗೆ ಬರದಿದ್ದವನ ಮನೆಗೆ ಮರುದಿನ ಯಾರೋ ಒಬ್ಬರು ಹೋಗಿ ವಿಚಾರಿಸುತ್ತಾರೆ.

*

ಬಗೆಹರಿಯದ್ದು ಇದು: ಕುಡಿಯುವ ಹೊತ್ತನ್ನೇ ತುಂಬಬೇಕಾದ್ದರಿಂದ ಸಭೆ ಸಂಜೆಗೇ ಇರಬೇಕು. ಬೆಳಗಾವಿಯಿಂದ ಖಾನಾಪುರಕ್ಕೆ ಇಪ್ಪತ್ತಾರು ಕಿಲೋಮೀಟರ್, ಅಲ್ಲಿಂದ ಒಳಗಿನ ಹಳ್ಳಿಗೆ ಇನ್ನಷ್ಟು. ಸಭೆ ಮುಗಿಸಿ ಹೊರಟವ ಕೊನೆಯ ಬಸ್ ತಪ್ಪಿಸಿಕೊಂಡರೆ ರಾತ್ರಿ ಕಳೆಯುವುದು ಬಸ್ ನಿಲ್ದಾಣದಲ್ಲೇ. ಸಭೆಯನ್ನು ಸಾಯಂಕಾಲ ಐದಕ್ಕೆ ಇಡಬಾರದೇ ಎಂದು ಕೇಳಿದೆ. ಗೌಂಡಿ ಕೆಲಸ ಬಿಡುವುದೇ ಆರಕ್ಕೆ ಅಂದರು.